ಹಿಮಗಾಡಿಯ ಬಲಗೈ ಕಂಕಣ

ನಾನು ಒಂದು ಸ್ನೋಮೊಬೈಲ್. ಹೆಸರು ಬಾಯಿಗೆ ದೊಡ್ಡದಾಯಿತೆಂದರೆ ಹಿಮಗಾಡಿ ಎನ್ನಿ. ಚಕ್ರವಿಲ್ಲ, ಮುಂದೆ ಜಾರುವ ಎರಡು ಸ್ಕೀ, ಹಿಂದೆ ತಿರುಗುವ ರಬ್ಬರ್ ಪಟ್ಟಾ, ಮೇಲೆ ಬೈಕಿನಂಥ ಸೀಟು. ನೋಡಲು ಧಡೂತಿ, ಒಳಗೆ ಮಾತ್ರ ಮಹಾ ಪುಕ್ಕಲ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ನಗಬೇಡಿ.

ನಾನು ಹುಟ್ಟಿದ್ದು ಕೆನಡಾ ದೇಶದ ಒಂದು ಕಾರ್ಖಾನೆಯಲ್ಲಿ. ಮೊದಲ ಸಲ ಎಂಜಿನ್ ಚಾಲು ಮಾಡಿದಾಗ ನನ್ನ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ಅಲ್ಲಿಂದ ಲಾರಿಯೇರಿ ದೂರದ ಉತ್ತರದ ಊರಿಗೆ ಬಂದೆ. ಊರೆಂದರೆ ಒಂದಷ್ಟು ಮನೆ, ಒಂದು ಶಾಲೆ, ಒಂದು ಚಿಕ್ಕ ಆಸ್ಪತ್ರೆ. ಎದುರಿಗೆ ಕಣ್ಣು ಹಾಯುವಷ್ಟೂ ಕೆರೆ. ಚಳಿಗಾಲದಲ್ಲಿ ಆ ಕೆರೆಯೇ ಹೆಪ್ಪುಗಟ್ಟಿ ರಸ್ತೆಯಾಗುತ್ತದೆ.

ನನ್ನ ಮೊದಲ ಯಜಮಾನ ಇಲಾಯಸ್ ಎಂಬ ಮುದಿ ಮೀನುಗಾರ. ಅವನು ಎಲ್ಲಿಗೆ ಬೇಕಾದರೂ ನನ್ನನ್ನು ಓಡಿಸುತ್ತಿದ್ದ. ಕೆರೆಗೆ ಹೊಳೆ ಬಂದು ಸೇರುವ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ. ಅಲ್ಲಿ ಅಡಿಯಲ್ಲಿ ನೀರು ಹರಿಯುತ್ತಲೇ ಇರುವುದರಿಂದ ಮಂಜುಗಡ್ಡೆ ತೆಳ್ಳಗಿರುತ್ತದೆ. ಒಮ್ಮೆ ಯಾರದೋ ಗಾಡಿ ಅಲ್ಲಿ ಮುಳುಗಿದ್ದನ್ನು ನಾನು ದೂರದಿಂದ ಕಂಡೆ. ಸವಾರ ಹೇಗೋ ಪಾರಾದ. ಗಾಡಿ ಮಾತ್ರ ದೀಪ ಉರಿಸಿಕೊಂಡೇ ಕೆಳಗಿಳಿಯಿತು. ಗಡ್ಡೆಯ ಕೆಳಗೆ ಆ ಹಳದಿ ಬೆಳಕು ಸ್ವಲ್ಪ ಹೊತ್ತು ಇದ್ದು, ಆಮೇಲೆ ಕಾಣಲಿಲ್ಲ. ಅಯ್ಯಪ್ಪಾ! ಅವತ್ತಿನಿಂದ ನನಗೆ ಹೊಳೆಬಾಯಿ ಎಂದರೆ ಜೀವ ಬಾಯಿಗೆ ಬರುತ್ತದೆ.

ಮಂಡಿ ನೋವು ಹೆಚ್ಚಾದಾಗ ಇಲಾಯಸ್ ನನ್ನನ್ನು ಶಾಲೆಯ ಮೇಷ್ಟ್ರು ಚನ್ನವೀರನಿಗೆ ಮಾರಿದ. ಇಳಕಲ್ ಕಡೆಯ ಬಿಸಿಲಲ್ಲಿ ಬೆಳೆದ ಮನುಷ್ಯ ಈತ. ಹೆಂಡತಿ ನೀಲಾಂಬಿಕೆ ಆಸ್ಪತ್ರೆಯಲ್ಲಿ ನರ್ಸ್. ಕೆರೆಯಾಚೆಯ ಮನೆಗಳಲ್ಲಿರುವ ಮುದುಕರಿಗೆ ಔಷಧಿ ಕೊಟ್ಟು ಬರಲು ಅವಳಿಗೊಂದು ಗಾಡಿ ಬೇಕಿತ್ತು. ಅಂದರೆ ಆ ಹೆಣ್ಣುಮಗಳ ಜೀವ ಇನ್ನು ನನ್ನ ಮೇಲೆ. ಪುಕ್ಕಲನ ಹೆಗಲಿಗೆ ಎಂಥ ಭಾರ ನೋಡಿ.

ಚಳಿಗಾಲಕ್ಕೆ ಮುಂಚೆ ಚನ್ನವೀರ ಮನೆಯ ಪಕ್ಕದ ಶೆಡ್ಡಿನಲ್ಲಿ ಹೀಟರ್ ಹಚ್ಚಿ ನನ್ನ ಸೇವೆಗೆ ಕೂತ. ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿದ. ಪ್ಲಗ್ ಬದಲಿಸಿದ. ಬೆಲ್ಟನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕಿದ, ಕೀಲುಗಳಿಗೆ ಗ್ರೀಸ್ ತುಂಬಿದ, ಸಡಿಲವಾಗಿದ್ದ ಪಟ್ಟಾ ಬಿಗಿದ. ಬಿಗಿದ ಬೋಲ್ಟನ್ನೇ ಮತ್ತೆ ಮುಟ್ಟಿ ನೋಡುವ ಅನುಮಾನದ ಪ್ರಾಣಿ. ನನಗೆ ಅಂಥವರೇ ಇಷ್ಟ.

ಅಷ್ಟರಲ್ಲಿ ದಸರೆಯ ಆಯುಧಪೂಜೆ, ಇವರ ಮಾತಿನಲ್ಲಿ ಖಂಡೇಪೂಜೆ, ಬಂತು. ಪಾನಾ, ಗ್ರೀಸ್ ಗನ್ನು ಎಲ್ಲ ತೊಳೆದು ನನ್ನ ಮುಂದೆ ಇಟ್ಟು, ಕುಂಕುಮ ಹಚ್ಚಿ, ಸ್ಕೀಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕೊನೆಗೆ ಚನ್ನವೀರ ಅರಿಶಿನದ ಕೊಂಬು ಕಟ್ಟಿದ ದಾರವನ್ನು ನನ್ನ ಬಲಗೈ ಹಿಡಿಕೆಗೆ ಸುತ್ತಿದ. ಸರಿಯಾಗಿ ಎಕ್ಸಿಲರೇಟರ್ ಗುಂಡಿಯ ಪಕ್ಕಕ್ಕೆ! ಹೆಬ್ಬೆರಳಿನಿಂದ ಒತ್ತಿದರೆ ಓಡುವುದು, ಬಿಟ್ಟರೆ ನಿಧಾನವಾಗುವುದು. ನನ್ನ ಜೀವನಾಡಿ ಅದು.

"ರೀ, ಅಲ್ಯಾಕ ಕಟ್ಟಾಕತ್ತೀರಿ? ಅಡ್ಡ ಬರತೈತಿ," ಎಂದಳು ನೀಲಾಂಬಿಕೆ.

"ಕಂಕಣ ಬಲಗೈಗೇ ಕಟ್ಟಬೇಕು ನೀಲಾ. ನಿನ್ನ ಕಾಯೋದು ಇದ. ಬಿಚ್ಚಬ್ಯಾಡ ಮತ್ತ, ತಾನಾಗೇ ಹರದು ಬೀಳೂತನಕಾ ಇರಲಿ."

ಒತ್ತಿ ಬಿಟ್ಟು ನೋಡಿದ. ಗುಂಡಿ ಟಕ್ಕೆಂದು ವಾಪಸು ಬಂತು. ಸಮಾಧಾನವಾಯಿತು ಅವನಿಗೆ. ಬೆಚ್ಚಗಿನ ಶೆಡ್ಡಿನಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ ಮಾರಾಯ, ಒಮ್ಮೆ ಹೊರಗೆ ಚಳಿಗೆ ಎಳೆದು ನೋಡು ಎಂದು ನಾನು ಒಳಗೊಳಗೇ ಗೋಗರೆದೆ. ಯಾರಿಗೆ ಕೇಳಿಸಬೇಕು?

ಆಮೇಲೆ ಕೆಂಪು ಹಗ್ಗ. ಅದರ ಒಂದು ತುದಿ ನನ್ನ ಸ್ವಿಚ್ಚಿಗೆ, ಇನ್ನೊಂದು ತುದಿ ಸವಾರರ ಜಾಕೆಟ್ಟಿಗೆ. ಸವಾರರು ಬಿದ್ದರೆ ಹಗ್ಗ ಕಿತ್ತು ಎಂಜಿನ್ ನಿಲ್ಲುತ್ತದೆ. ಅದನ್ನೂ ಎಳೆದು ಪರೀಕ್ಷೆ ಮಾಡಿ ಹೆಂಡತಿಯ ಜಾಕೆಟ್ಟಿಗೆ ಸಿಕ್ಕಿಸಿದ.

"ಎಮ್ಮಿ ಕಟ್ಟಿದಂಗ ಕಟ್ಟತೀರಲ್ರೀ ನನ್ನ!"

"ಹಗ್ಗ ಹಚ್ಚಿಕೊಳ್ಳಲಿಲ್ಲಂದ್ರ ಚಾವಿ ಕೊಡಂಗಿಲ್ಲ."

ಚಳಿಗಾಲ ಬಂತು. ದಾರ ಹೊರಗೆ ಹಿಮದಲ್ಲಿ ನೆನೆಯುವುದು, ಶೆಡ್ಡಿನಲ್ಲಿ ಒಣಗುವುದು. ನೆನೆದು ಒಣಗಿ ಅದು ಸಡಿಲವಾಯಿತು. ಒಂದು ಸುತ್ತು ಮೆಲ್ಲಗೆ ಜರುಗಿ ಎಕ್ಸಿಲರೇಟರಿನ ಮೇಲೇ ಬಂದು ಕೂತಿತು. ಚನ್ನವೀರ ಬೆಳಿಗ್ಗೆ ಎದ್ದು ಬೆಲ್ಟ್ ನೋಡುತ್ತಿದ್ದ, ಪೆಟ್ರೋಲ್ ನೋಡುತ್ತಿದ್ದ. ದಾರ ನೋಡುತ್ತಿರಲಿಲ್ಲ. ದೇವರದ್ದಲ್ಲವೇ, ಅದಕ್ಕೇನು ರಿಪೇರಿ! ನಾನಂತೂ ದಿನಾ ಹೆದರಿ ಸಾಯುತ್ತಿದ್ದೆ.

ಒಂದು ಮಧ್ಯಾಹ್ನ ಕೆರೆಯಾಚೆಯಿಂದ ಫೋನು ಬಂತು. ಅಗಾತಾ ಎಂಬ ಅಜ್ಜಿಗೆ ಉಸಿರಾಟ ಕಷ್ಟವಾಗಿತ್ತಂತೆ. ಹಿಮ ಬೀಸುತ್ತಿತ್ತು. ನೀಲಾಂಬಿಕೆ ಔಷಧಿ ಚೀಲ ಬೆನ್ನಿಗೇರಿಸಿ, ಹಗ್ಗ ಸಿಕ್ಕಿಸಿಕೊಂಡು ಹೊರಟಳು. ಬೇಗ ತಲುಪಬೇಕೆಂದು ಗುಂಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು. ಆ ಚಳಿಗೆ ಒದ್ದೆ ದಾರ ಒತ್ತಿದ ಗುಂಡಿಯ ಮೇಲೆಯೇ ಕಲ್ಲಿನಂತೆ ಸೆಟೆದುಕೊಂಡಿತು.

ಹೊಳೆಬಾಯಿಗೆ ಮೊದಲು ದಾರಿ ಎಡಕ್ಕೆ ಹೊರಳುತ್ತದೆ. ಅಲ್ಲಿ ಅವಳು ಹೆಬ್ಬೆರಳು ತೆಗೆದಳು. ನಾನು ನಿಧಾನವಾಗಲಿಲ್ಲ. ಬ್ರೇಕ್ ಹಿಡಿದಳು, ಎಂಜಿನ್ ಕಿರುಚಿಕೊಂಡು ಬ್ರೇಕನ್ನೂ ಮೀರಿ ಎಳೆಯಿತು. ತಿರುವು ತಪ್ಪಿಯೇ ಹೋಯಿತು.

"ಯವ್ವಾ, ಇದ್ಯಾಕ ನಿಲ್ಲವಲ್ದು!"

ಕೈಗವಸಿನ ದಪ್ಪ ಬೆರಳುಗಳಿಂದ ಕಂಕಣವನ್ನು ಜಗ್ಗಿದಳು. ಹರಿಯಲಿಲ್ಲ; ಗಂಡ ಅಷ್ಟು ಎಳೆ ಹೊಸೆದು ಕಟ್ಟಿದ್ದ. ಆ ಗಾಬರಿಯಲ್ಲಿ ಚಾವಿ ತಿರುವುವುದಾಗಲಿ ಕೆಂಪು ಹಗ್ಗ ಎಳೆಯುವುದಾಗಲಿ ಅವಳಿಗೆ ಹೊಳೆಯಲಿಲ್ಲ. ಮುಂದೆ ಗಡ್ಡೆಯ ಬಣ್ಣ ಕಪ್ಪಾಗುತ್ತಿತ್ತು. ನನಗೆ ಅಡಿಯಲ್ಲಿ ಹರಿಯುವ ನೀರು ಕೇಳಿಸಿತು. ಆ ಹಳದಿ ದೀಪ ಕಣ್ಣ ಮುಂದೆ ಬಂತು. ಹಾರು ತಾಯಿ, ನನ್ನ ಬಿಟ್ಟು ಹಾರು!

ಹಾರಿದಳು. ಕೆಂಪು ಹಗ್ಗ ಕಿತ್ತು ಬಂತು. ಎಂಜಿನ್ ಉಸಿರು ಕಟ್ಟಿದಂತೆ ನಿಂತಿತು. ಜಾರಿಕೊಂಡು ಹೋಗಿ ನಾನು ತೆಳು ಗಡ್ಡೆಯ ಮೇಲೆ ನಿಂತೆ. ಕೆಳಗೆ ಚಟಚಟ ಬಿರಿಯಿತು, ಬಲಗಡೆಯ ಸ್ಕೀ ನೀರಿಗಿಳಿಯಿತು. ನಾನು ಅಲುಗಾಡಲಿಲ್ಲ, ನಡುಗುವುದಕ್ಕೂ ಭಯ. ನೀಲಾಂಬಿಕೆ ಹೊಟ್ಟೆಯ ಮೇಲೆ ತೆವಳುತ್ತ, ಚೀಲವನ್ನು ಎಳೆದುಕೊಳ್ಳುತ್ತ, ದಪ್ಪ ಗಡ್ಡೆಯ ಕಡೆ ಹೋದಳು.

ಆಚೆ ದಡದವರು ನೋಡಿ ಓಡಿಬಂದರು. ಅವರ ಗಾಡಿಯಲ್ಲಿ ಕೂತು ಅವಳು ಮೊದಲು ಅಗಾತಾ ಅಜ್ಜಿಯ ಹತ್ತಿರವೇ ಹೋದಳು. ಅಜ್ಜಿ ಉಳಿದಳು. ನನ್ನನ್ನು ಹಗ್ಗ ಹಾಕಿ ಎಳೆದು ದಡಕ್ಕೆ ತಂದರು.

ಚನ್ನವೀರ ಬಂದು ನನ್ನ ಬಲಗೈ ನೋಡಿದ. ಗುಂಡಿಯನ್ನು ಇನ್ನೂ ಒತ್ತಿ ಹಿಡಿದಿದ್ದ ಕಂಕಣ ನೋಡಿ ಅಲ್ಲೇ ಹಿಮದಲ್ಲಿ ಕುಸಿದ. "ನಾ ಕಟ್ಟಿದ್ದ ನಿನ್ನ ಕೊಲ್ಲಾಕ ಹೊಂಟಿತ್ತಲ್ಲ ನೀಲಾ..." ಎಂದು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟ.

ನೀಲಾಂಬಿಕೆ ಜಾಕೆಟ್ಟಿಗೆ ಇನ್ನೂ ಜೋತಾಡುತ್ತಿದ್ದ ಕೆಂಪು ಹಗ್ಗವನ್ನು ಅವನ ಕೈಯಲ್ಲಿಟ್ಟಳು. "ಇದನ್ನೂ ನೀವ ಕಟ್ಟಿದ್ರಿ. ಏಳ್ರಿ ಮ್ಯಾಲೆ, ಥಂಡಿ ಐತಿ."

ಮುಂದಿನ ಖಂಡೇಪೂಜೆಯಲ್ಲಿ ಅವಳು ಕಂಕಣವನ್ನು ತಾನೇ ತೆಗೆದುಕೊಂಡಳು. "ಗಾಡಿ ನೋಡಕೊಳ್ಳೋ ಕೈಗೆ ಕಟ್ಟೂಣು," ಎಂದು ಗಂಡನ ಮಣಿಕಟ್ಟಿಗೆ ಕಟ್ಟಿದಳು.

ಈಗ ನನಗೆ ವಯಸ್ಸಾಗಿದೆ. ಎಂಜಿನ್ ಬಿಚ್ಚಿ ನನ್ನನ್ನು ಶೆಡ್ಡಿನ ಹಿಂದೆ ಒರಗಿಸಿದ್ದಾರೆ. ನೀಲಾಂಬಿಕೆಗೆ ಹೊಸ ಗಾಡಿ ಬಂದಿದೆ. ಬೆಳಿಗ್ಗೆ ಚನ್ನವೀರ ಅದನ್ನು ಹೊರಗೆಳೆದು, ಚಳಿಯಲ್ಲಿ ಬಹಳ ಹೊತ್ತು ನಿಲ್ಲಿಸಿ, ಆಮೇಲೆ ಕೈಗವಸು ಬಿಚ್ಚಿದ ಹೆಬ್ಬೆರಳಿನಿಂದ ಗುಂಡಿ ಒತ್ತಿ, ಬಿಡುತ್ತಾನೆ. ನೀಲಾಂಬಿಕೆ ಬಾಗಿಲಲ್ಲಿ ನಿಂತು ಜಾಕೆಟ್ಟಿಗೆ ಹಗ್ಗ ಸಿಕ್ಕಿಸಿಕೊಳ್ಳುತ್ತಾಳೆ. ಶೆಡ್ಡಿನ ಹಿಂದೆ ನಾನೂ ಕಿವಿಗೊಟ್ಟು ಕಾಯುತ್ತೇನೆ, ಅದೇ ಹಳೇ ಭಯದಲ್ಲಿ.

ಟಕ್.

ಆಗ ಅವನು ಚಾವಿ ಕೊಡುತ್ತಾನೆ.