ಪಟ್ಟದ ಗೊಂಬೆಗಳ ನಿದ್ದೆ

ನಿಶಿತಾ ಗೊಂಬೆಗಳ ಮೆಟ್ಟಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತಿದ್ದಳು.

“ಬಿಡೇ ಪುಟ್ಟಿ. ವಿಜಯದಶಮಿ ಸಂಜೆ ರಾಜ-ರಾಣೀನ ಮಲಗಿಸ್ಬೇಕು. ಆಗ್ಲೇ ಹಬ್ಬ ಮುಗಿಯೋದು,” ಎಂದಳು ಅಮ್ಮ ನಿರುಪಮಾ.

“ಮುಗಿಯಲ್ಲ.” ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಈ ಸಲ ಕನ್ನಡದಲ್ಲಿ ಹೇಳಿದಳು.

ಹಬ್ಬ ಮುಗಿಯದಿದ್ದರೆ ಇವತ್ತು ಮುಗಿಯುವುದಿಲ್ಲ. ಇವತ್ತು ಮುಗಿಯದಿದ್ದರೆ ಗೆಳತಿ ನಯೋಮಿ ಮನೆ ಬಿಟ್ಟು ಹೋಗುವುದಿಲ್ಲ. ಎಂಟು ವರ್ಷದವಳ ಲೆಕ್ಕ ಅಷ್ಟೇ. ಎದುರು ಮನೆಯ ಮುಂದೆ ಟ್ರಕ್ಕೊಂದು ಬಾಯ್ತೆರೆದು ನಿಂತಿತ್ತು. ನಯೋಮಿಯ ಮಂಚ, ಅವಳಜ್ಜಿಯ ಕುರ್ಚಿ ತೇಲಿದಂತೆ ಅದರೊಳಗೆ ಹೋಗುತ್ತಿದ್ದವು. ಆಸ್ಟಿನ್ ನಗರದ ಪೂರ್ವಭಾಗದ ಈ ಬೀದಿಯಲ್ಲಿ ಉಳಿದಿದ್ದ ಕೊನೆಯ ಕಪ್ಪು ಜನರ ಮನೆ ಅದು. ಸುತ್ತ ಎದ್ದ ಮೂರಂತಸ್ತಿನ ಹೊಸ ಮನೆಗಳ ನಡುವೆ, ಸಂಜೆಬಿಸಿಲಲ್ಲಿ, ಯಾರೋ ಮರೆತು ಹೋದ ಆಟಿಕೆಯಂತೆ ಕಾಣುತ್ತಿತ್ತು.

ಅರಿಶಿನ-ಕುಂಕುಮಕ್ಕೆ ಬಂದಿದ್ದ ಶ್ರೀವಿದ್ಯಾ ಆಂಟಿ ಕಿಟಕಿಯಾಚೆ ನೋಡಿ, “ಒಳ್ಳೇದೇ ಆಯ್ತು ಬಿಡಿ. ಇನ್ನು ನಿಮ್ ಏರಿಯಾ ಪೂರ್ತಿ ಇಂಪ್ರೂವ್ ಆಗುತ್ತೆ,” ಎಂದು ತಾಂಬೂಲ ಹಿಡಿದು ಹೊರಟರು.

ಅವರು ತೆರೆದಿಟ್ಟ ಬಾಗಿಲಲ್ಲೇ ನಯೋಮಿ ಬಂದಳು, ಚಪ್ಪಲಿ ಬಿಟ್ಟು, ಮನೆಯ ಹುಡುಗಿಯ ಹಾಗೆ. ಇಬ್ಬರ ಮಾತೂ ಇಂಗ್ಲಿಷಿನಲ್ಲಿ ನಡೆಯಿತು.

“ಯಾಕೆ ಬರ್ಲಿಲ್ಲ? ಕಾಯ್ತಾ ಇದ್ದೆ,” ಎಂದಳು ನಯೋಮಿ.

“ಬಂದ್ರೆ ನೀನು ‘ಬೈ-ಬೈ’ ಅಂತೀಯ.”

“ನಿಮ್ಮನೆಯಂಥ ದೊಡ್ಡ ಮನೆಗಳು ಬಂದ್ಮೇಲೆ ನಮ್ಮನೆ ಟ್ಯಾಕ್ಸ್ ಜಾಸ್ತಿ ಆಯ್ತಂತೆ. ಅದಕ್ಕೇ ಹೋಗ್ತಿರೋದು. ಅಜ್ಜಿ ಹೇಳಿದ್ಲು.” ದನಿಯಲ್ಲಿ ಸಿಟ್ಟಿರಲಿಲ್ಲ, ನಾಳೆ ಶಾಲೆಗೆ ರಜೆ ಎನ್ನುವಂತೆ ಹೇಳಿದಳು.

ನಿಶಿತಾ ಯೋಚಿಸಿದಳು. “ನಮ್ಮನೇನ ಚಿಕ್ಕದು ಮಾಡೋಣ.”

“ಪೆದ್ದಿ.”

ನಯೋಮಿ ಗೊಂಬೆಗಳತ್ತ ತಿರುಗಿದಳು. “ಇವರಿನ್ನೂ ನಿಂತೇ ಇದಾರಾ? ಕಾಲು ನೋಯಲ್ವಾ ಪಾಪ?” ಎನ್ನುತ್ತ ನಿಶಿತಾಳ ತೋಳಿನಡಿ ನುಸುಳಿ ರಾಣಿಯನ್ನು ಮಲಗಿಸಿದಳು. ರಾಜ ಒಬ್ಬನೇ ಉಳಿದ. ಅವನ ಮರದ ಮುಖದಲ್ಲಿ ದಣಿವು ಕಂಡಿತು. ನಿಶಿತಾ ಬಹಳ ಹೊತ್ತು ನೋಡಿದಳು. ಆಮೇಲೆ ಅವನನ್ನು ತಾನೇ ಮಲಗಿಸಿದಳು.

ಇಬ್ಬರೂ ಮೆಟ್ಟಿಲ ಬುಡದಲ್ಲಿ, ಬರಿನೆಲದ ಮೇಲೆ ಕಣ್ಣು ಮುಚ್ಚಿ ಮಲಗಿದರು. ನೆಲ ಮೆಲ್ಲಗೆ ದೋಣಿಯಂತೆ ತೂಗಿತು.

ನಯೋಮಿಯ ಅಜ್ಜಿ ಮಿಸ್ ಲೊರೇನ್ ಮೊಮ್ಮಗಳನ್ನು ಕರೆದೊಯ್ಯಲು ಬಂದವರು, ಮಕ್ಕಳನ್ನು ನೋಡಿ ಬಾಗಿಲಲ್ಲೇ ನಿಂತರು. ನಿರುಪಮಾ ಸದ್ದಿಲ್ಲದೆ ಕುರ್ಚಿ ಎಳೆದಳು; ಬಟ್ಟಲಲ್ಲಿ ಕಡಲೆಕಾಳಿನ ಉಸಲಿ ತಂದು ಕೊಟ್ಟಳು. ಹೊರಗೆ ಟ್ರಕ್ಕಿನವನು ಹಾರ್ನ್ ಹೊಡೆದ. ಸ್ವಲ್ಪ ಬಿಟ್ಟು ಮತ್ತೆ ಹೊಡೆದ.

ನಿಶಿತಾ ಅರೆಗಣ್ಣಲ್ಲಿ ನೋಡಿದಳು. ಮಿಸ್ ಲೊರೇನ್ ತಲೆ ಎತ್ತದೆ, ಒಂದೊಂದೇ ಕಾಳನ್ನು ಬೆರಳಲ್ಲಿ ಹೆಕ್ಕಿ, ನಿಧಾನವಾಗಿ ಅಗಿಯುತ್ತಿದ್ದರು.