ಬಲಗಣ್ಣಿನ ಪಟ್ಟಿ

ನನ್ನ ಲೆಕ್ಕ ಸರಿ ಉಂಟು ಅಂತ ಗೊತ್ತಾದ ದಿನ ನಾನು ಕಾಲೇಜಿನಲ್ಲೇ ಕೂತು ಅತ್ತುಬಿಟ್ಟೆ.

ಮಗಳು ಸೀತುವಿನ ಎಡಗಣ್ಣು ಹೊರಗಿನಿಂದ ಚೆಂದವೇ ಉಂಟು, ಆದರೆ ಅದು ನೋಡುದನ್ನು ಕಲಿಯಲೇ ಇಲ್ಲ. ಅವಳಿಗೆ ಏಳು ತುಂಬಿದಾಗ ಮಂಗಳೂರಿನ ಡಾಕ್ಟ್ರು ಹೇಳಿದರು: ಒಳ್ಳೆಯ ಬಲಗಣ್ಣಿಗೆ ಇಡೀ ದಿನ ಪಟ್ಟಿ ಕಟ್ಟಿ, ಎಡಗಣ್ಣಿಗೆ ಕೆಲಸ ಕೊಡಿ, ಎಂಟು ದಾಟಿದರೆ ಕಷ್ಟ. ನಾನು ಪುತ್ತೂರಿನಲ್ಲಿ ಗಣಿತ ಪಾಠ ಮಾಡುವವಳು, ಕೈಕಟ್ಟಿ ಕೂರುವವಳಲ್ಲ. ಎಂಬತ್ತಾರನೇ ಇಸವಿಯಲ್ಲಿ ಕಾಲೇಜಿಗೆ ಬಂದ ಒಂದೇ ಒಂದು ಕಂಪ್ಯೂಟರಿನಲ್ಲಿ ಮಗಳ ಕಣ್ಣಿನ ಮಾದರಿ ಮಾಡಿದೆ. ಎರಡು ಕಣ್ಣಿನ ಪರದೆ, ಅಲ್ಲಿಂದ ಮಿದುಳಿಗೆ ನರಗಳ ಜೋಡಣೆ. ಬಳಸಿದ ಜೋಡಣೆ ಗಟ್ಟಿಯಾಗ್ತದೆ, ಬಳಸದ್ದು ಸಡಿಲವಾಗ್ತದೆ, ವಯಸ್ಸು ಏರಿದ ಹಾಗೆ ಎಲ್ಲ ನಿಧಾನ. ಮೂರು ತಿಂಗಳಲ್ಲಿ ಸೀತು ಎಡಗಣ್ಣಿನಿಂದಲೇ ಗೋಡೆಯ ಅಕ್ಷರಪಟದ ನಾಲ್ಕನೇ ಸಾಲು ಓದ್ತಾಳೆ ಅಂತ ಅದು ಹೇಳಿತು.

ಓದಲಿಲ್ಲ. ಪ್ರತಿ ತಿಂಗಳು ಅಳೆದು ಗ್ರಾಫಿನಲ್ಲಿ ಚುಕ್ಕೆ ಇಟ್ಟೆ. ಮೊದಲ ಸಾಲೂ ಮಸುಕಾಗ್ತಾ ಹೋಯ್ತು. ಮಾದರಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಕಲಿಯುವ ವೇಗದ ಸಂಖ್ಯೆಯನ್ನು ಇಳಿಸಿದೆ, ಮತ್ತೆ ಇಳಿಸಿದೆ. ಹೀಗೇ ಏಳು ತಿಂಗಳು ಹೋಯ್ತು.

"ಹರಿಣಾಕ್ಷಿ ಮೇಡಂ," ಅಂದರು ಫಿಸಿಕ್ಸಿನ ಹೈದರ್ ಮಾಷ್ಟ್ರು, ನಗುತ್ತಾ, "ನಿಮ್ಮ ಕಂಪ್ಯೂಟರಿಗೆ ಎಡ ಯಾವುದು ಬಲ ಯಾವುದು ಗೊತ್ತುಂಟಾ ಮಾರಾಯ್ರೆ?"

ಹಟಕ್ಕೆ ಎಡ ಬಲ ಅದಲುಬದಲು ಮಾಡಿಯೂ ನೋಡಿದೆ. ಮೊದಲಿನ ಸಂಖ್ಯೆಯನ್ನೇ ವಾಪಸ್ ಹಾಕಿ, ಪಟ್ಟಿ ನನ್ನೆದುರು ಬಲಗಣ್ಣಿಗೆ, ನಾನು ಮನೆಯಲ್ಲಿಲ್ಲದ ಹೊತ್ತಲ್ಲಿ ಎಡಗಣ್ಣಿಗೆ ಅಂತ ಕೊಟ್ಟೆ. ಗೆರೆ ನನ್ನ ಏಳೂ ಚುಕ್ಕೆಗಳ ಮೇಲೆಯೇ ಹಾದುಹೋಯ್ತು.

ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ, ಇವತ್ತಿನಿಂದ ಸರಿಯಾಗಿ ಕಟ್ಟಿದರೆ ಎಂತಾಗ್ತದೆ ಅಂತಲೂ ಓಡಿಸಿ ನೋಡಿದೆ. ಗೆರೆ ಎರಡನೇ ಸಾಲಿನ ತನಕ ಹತ್ತಿ ಅಲ್ಲೇ ಮಲಗಿತು.

ಬಸ್ಸಿಗೆ ಕಾಯಲಿಲ್ಲ, ಸಿಕ್ಕಿದ ಜೀಪಿನಲ್ಲಿ ಕುಂಬ್ರದ ಮನೆಗೆ ಬಂದಿಳಿದೆ. ಶನಿವಾರ, ಶಾಲೆ ಅರ್ಧ ದಿನ. ಸೀತು ಜಗಲಿಯಲ್ಲಿ ಕಾಪಿ ಬರೀತಾ ಇದ್ದಳು. ಪಟ್ಟಿ ಎಡಗಣ್ಣಿನ ಮೇಲೆ ಇತ್ತು. ಹಗಲು ಮಗುವನ್ನು ನೋಡಿಕೊಳ್ಳುವ ನನ್ನ ಅಮ್ಮ ಒಳಗಿನಿಂದ ಬಂದು ನನ್ನನ್ನು ನೋಡಿ ನಿಂತುಬಿಟ್ಟಳು. ದಿನಾ ಸಂಜೆ ನಾನು ಬರುವ ಬಸ್ಸಿನ ಹಾರ್ನು ಕೇಳಿದ ಕೂಡಲೇ ಪಟ್ಟಿ ಬಲಕ್ಕೆ ಬರ್ತಿತ್ತಂತೆ.

"ಬೋರ್ಡು ಕಾಣುದಿಲ್ಲ ಅಂತ ದಿನಾ ಅಳ್ತಿತ್ತು ಮಗು," ಅಂದಳು ಅಮ್ಮ. "ಮೆಟ್ಟಿಲಲ್ಲಿ ಎರಡು ಸರ್ತಿ ಬಿತ್ತು. ಹಾಳಾದ ಕಣ್ಣನ್ನು ಕಟ್ಟುದಲ್ವಾ? ಕಾಣುವ ಕಣ್ಣು ಕಟ್ಟುದು ಎಂತ ಮದ್ದು ಮಾರಾಯ್ತಿ?"

ಬಾಯಿಗೆ ಬಂದದ್ದೆಲ್ಲ ಬೈಯಬೇಕು ಅಂತಲೇ ಬಂದಿದ್ದೆ. ಆದರೆ ಯಾರನ್ನು ಬೈಯುದು? ಎರಡನೇ ತಿಂಗಳೇ ಮಾದರಿ ನನಗೆ ಹೇಳಿತ್ತು, ಎಲ್ಲೋ ತಪ್ಪು ನಡೀತಾ ಉಂಟು ಅಂತ. ಸಂಖ್ಯೆ ಇಳಿಸಿ ಇಳಿಸಿ ಅದರ ಬಾಯಿ ಮುಚ್ಚಿಸಿದವಳು ನಾನು. ಈಗ ಎರಡನೇ ಸಾಲಿನ ಅದರ ಮಾತು ಸುಳ್ಳಾಗಲಿ ಅಂತ ಬೇಡಿಕೊಳ್ತಿದ್ದೇನೆ.

ಪಟ್ಟಿ ಬಿಚ್ಚಿ ಬಲಗಣ್ಣಿಗೆ ಕಟ್ಟಿದೆ. ಸೀತು ಎದ್ದು, ಕೈ ಮುಂದೆ ಚಾಚಿ, ನನ್ನ ಅಮ್ಮ ನಿಂತಿದ್ದ ಕಡೆಗೆ ಮುಖ ಮಾಡಿದಳು. ಅಮ್ಮ ಅಳುವನ್ನು ಸೆರಗಿನಲ್ಲಿ ಒತ್ತಿ ಹಿಡಿದಿದ್ದಳು.

"ಅಮ್ಮಾ, ಅಲ್ಲಿರುದು ಅಜ್ಜಿಯಾ, ಕಂಬವಾ?"

ಅಮ್ಮ ಬಾಯಿ ತೆರೆದಳು. ಬೇಡ ಅಂತ ನಾನು ಕೈಸನ್ನೆ ಮಾಡಿದೆ.

"ನೀನೇ ನೋಡಿ ಹೇಳು ಮಗಾ," ಅಂದೆ.