ಮಾಳಿಂಗಪ್ಪನ ಕಂಬಳಿ

ಮೀರಾಹುಸೇನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರಿನ ಧಾರೆಯನ್ನು ಲಾರಿಯ ಎದೆಗೆ ಹಿಡಿದಿದ್ದ. ಮುಂದಿನ ಗ್ರಿಲ್ಲಿನ ಮುಚ್ಚಳ ಬಾಯಿ ತೆರೆದಂತೆ ಮೇಲೆತ್ತಿ ನಿಂತಿತ್ತು. ಅದರ ಹಿಂದಿನ ಎಸಿ ಕಂಡೆನ್ಸರಿನ ಸಂದುಗಳಿಂದ ತೌಡು, ಹೊಟ್ಟಿನ ಬೂದಿ, ಸತ್ತ ಹುಳುಗಳೆಲ್ಲ ಕೂಡಿ ಕಂದು ಗಂಜಿಯಂತೆ ಇಳಿದು ಗ್ಯಾರೇಜಿನ ನೆಲದ ಮೇಲೆ ಹರಿಯಿತು.

"ಬಂತೇನ್ಲೇ?" ಎಂದು ಕೂಗಿದ.

ಮೇಲೆ ಕ್ಯಾಬಿನ್ನಿನಲ್ಲಿ ಸಿದ್ರಾಮ ಅಂಗಿಯ ಗುಂಡಿ ಬಿಚ್ಚಿ ಎಸಿಯ ಕಿಂಡಿಗೆ ಎದೆ ಕೊಟ್ಟು ಕೂತಿದ್ದ. "ಬಂತು. ಮಾಗಿ ಚಳಿ ಬಂದಂಗ ಬಂತು."

"ನಿನ್ನೆನೂ ಹಿಂಗ ಬಂದಿತ್ತು, ಮೊನ್ನಿನೂ ಹಿಂಗ ಬಂದಿತ್ತು. ನೀ ಇಲ್ಲಿಂದ ಹೋಗಿ ಮಾನ್ವಿ ಮುಟ್ಟೂದ್ರಾಗ ಫೋನ್ ಮಾಡತಿ, ಬೆಂಕಿ ಬರಾಕತ್ತದ ಅಂತ. ಲಾರಿ ಕೆಟ್ಟದೋ, ನಿನ್ನ ತಲಿ ಕೆಟ್ಟದೋ?"

"ಎರಡೂ ನೆಟ್ಟಗ ಅದಾವು. ಕೆಟ್ಟಿದ್ದು ನಿನ್ನ ಕೈಗುಣ."

ಇಬ್ಬರೂ ಒಂದು ಕಾಲದಲ್ಲಿ ಒಂದೇ ಲಾರಿಯಲ್ಲಿ ಕ್ಲೀನರುಗಳಾಗಿದ್ದವರು. ಒಬ್ಬ ಸ್ಟೇರಿಂಗ್ ಹಿಡಿದ, ಇನ್ನೊಬ್ಬ ಪಾನಾ ಹಿಡಿದು ರಾಯಚೂರಿನ ಬೈಪಾಸಿನ ಬದಿಯಲ್ಲಿ ತಗಡಿನ ಗ್ಯಾರೇಜು ಹಾಕಿದ. ಬೈದಾಡದೆ ಅವರಿಗೆ ಮಾತು ಬರುತ್ತಿರಲಿಲ್ಲ. ಆದರೆ ಇವತ್ತು ಸಿದ್ರಾಮನ ಬೈಗುಳದಲ್ಲಿ ಎಂದಿನ ಖಾರ ಇರಲಿಲ್ಲ. ಅವನು ಕೆಳಗಿಳಿದು ಬಂದು ಧ್ವನಿ ತಗ್ಗಿಸಿದ.

"ಹುಸೇನಿ, ಇವತ್ತ ಆಗಬೇಕ್ಲೇ. ಆಗಲಿಲ್ಲಂದ್ರ ಸೋಮವಾರದಿಂದ ಈ ಗಾಡಿ ಬ್ಯಾರೇದವನ ಕೈಗಿ ಹೋಗತದ. ಖಾಜಾ ಸಾಹೇಬ್ರು ಹೇಳಿಬಿಟ್ಟಾರ."

ಮೀರಾಹುಸೇನ ಪೈಪು ಬಿಟ್ಟ. ಅವನಿಗೆ ವಿಷಯ ಗೊತ್ತಿತ್ತು. ಹೋದ ವೈಶಾಖದಲ್ಲಿ, ಹಳೆಯ ಲಾರಿಯ ಬೆಂಕಿಯಂಥ ಕ್ಯಾಬಿನ್ನಿನೊಳಗೆ, ಸಿರವಾರದ ಹತ್ತಿರ ಸಿದ್ರಾಮನಿಗೆ ಬಿಸಿಲು ತಲೆಗೆ ಹೊಡೆದಿತ್ತು. ರಸ್ತೆ ಎರಡಾಗಿ ಕಂಡಿತ್ತು, ಆಮೇಲೆ ಎರಡೂ ಬೆಳ್ಳಗಾಗಿದ್ದವು. ಹೇಗೋ ಬ್ರೇಕು ತುಳಿದು ಬಳ್ಳಾರಿ ಜಾಲಿಯ ಪೊದೆಗೆ ಲಾರಿಯ ಮೂತಿ ತೂರಿಸಿ ನಿಲ್ಲಿಸಿದ್ದ. ಎಚ್ಚರವಾದಾಗ ಯಾರದೋ ತೊಡೆಯ ಮೇಲೆ ಅವನ ತಲೆ ಇತ್ತು, ಯಾರೋ ಬಾಯಿಗೆ ಮಜ್ಜಿಗೆ ಹನಿಸುತ್ತಿದ್ದರು.

ಲಾರಿಯ ಮಾಲಕ, ಮಾನ್ವಿಯ ರೈಸ್ ಮಿಲ್ಲಿನ ಖಾಜಾ ಸಾಹೇಬ ಕೆಟ್ಟ ಮನುಷ್ಯನಲ್ಲ. ಎಸಿ ಇರುವ ಹೊಸ ಲಾರಿ ಬಂದಾಗ, ಕೇಳುವ ಮೊದಲೇ ಅದರ ಕೀಲಿಯನ್ನು ಸಿದ್ರಾಮನ ಕೈಗೆ ಹಾಕಿದ್ದ. ಆ ಎಸಿ ಈ ಬೇಸಿಗೆಯಲ್ಲಿ ಕೈಕೊಟ್ಟಾಗ ಅವನಿಗೇ ಭಯವಾಯಿತು. "ನಿನ್ನ ಹೆಣ ನಿಮ್ಮವ್ವನ ಮುಂದ ಇಳಸಾಕ ನನ್ನ ಕೈಲಿ ಆಗಂಗಿಲ್ಲಪಾ" ಎಂದ. "ಮಿಲ್ಲಿನ ಗೇಟಿಗಿ ಕುರ್ಚಿ ಹಾಕಸ್ತೀನಿ, ಮ್ಯಾಲ ಫ್ಯಾನ್, ಬಾಜೂಕ ಕೂಲರ್. ಆರಾಮ್ ಕುಂದರು."

ಅವ್ವ ಆದೆಮ್ಮನಿಗೆ ಈ ಮಾತು ತುಪ್ಪದಂತೆ ರುಚಿಸಿತ್ತು. ಬೆಳಿಗ್ಗೆ ರೊಟ್ಟಿ ಬಡಿಯುವಾಗಲೂ ಅದೇ, ರಾತ್ರಿ ಹಾಸಿಗೆ ಕೊಡವುವಾಗಲೂ ಅದೇ: ಕುರ್ಚಿ ಹಿಡಿ, ಕುರ್ಚಿ ಹಿಡಿ.

ಸಿದ್ರಾಮನಿಗೆ ಕುರ್ಚಿ ಎಂದರೆ ಅಪ್ಪ ಮಾಳಿಂಗಪ್ಪ ನೆನಪಾಗುತ್ತಿದ್ದ. ಜೀವಮಾನವಿಡೀ ಕುರಿಯ ಹಿಂದೆ ಕೃಷ್ಣೆಯ ದಂಡೆಯಿಂದ ತುಂಗಭದ್ರೆಯ ದಂಡೆಯವರೆಗೆ ನಡೆದವನು ಅಪ್ಪ. ಮೊಣಕಾಲು ಹಿಡಿದುಕೊಂಡಿತೆಂದು ಅವ್ವನೇ ಓಡಾಡಿ, ದೇವದುರ್ಗದ ಹತ್ತಿ ಗೋದಾಮಿನಲ್ಲಿ ಅವನಿಗೊಂದು ಕಾವಲಿನ ಕುರ್ಚಿ ಕೊಡಿಸಿದ್ದಳು. ಅಪ್ಪ ಅದರ ಮೇಲೆ ಕೂತದ್ದಕ್ಕಿಂತ ಅದರ ಬೆನ್ನು ಹಿಡಿದು ನಿಂತದ್ದೇ ಹೆಚ್ಚು. ನಿಂತು ರಸ್ತೆ ನೋಡುತ್ತಿದ್ದ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಒಲೆಯ ಮೇಲೆ ಮರೆತ ಹಾಲಿನಂತೆ ದಿನದಿನಕ್ಕೆ ಇಂಗುತ್ತ ಹೋದ. ಮುಂದಿನ ಮಳೆಗಾಲ ನೋಡಲಿಲ್ಲ.

"ನಡಿ, ಇವತ್ತ ನಾನೂ ಬರ್ತೀನಿ" ಎಂದ ಮೀರಾಹುಸೇನ, ಕೈ ಒರೆಸಿಕೊಳ್ಳುತ್ತ. "ನಿನ್ನ ಬೆಂಕಿ ಎಲ್ಲಿ ಹುಟ್ಟತದ ನೋಡೇಬಿಡೂಣು."

ಸಿದ್ರಾಮ ಮುಚ್ಚಳವನ್ನು ಇಳಿಸಿ ಒತ್ತಿದ. ಅದರ ಮೇಲೆ ಮಡಚಿ ಕಟ್ಟಿದ್ದ ಕರಿ ಕಂಬಳಿಯ ಸುಕ್ಕನ್ನು ಎರಡೂ ಕೈಯಿಂದ ಸವರಿ ನೆಟ್ಟಗೆ ಮಾಡಿದ, ಬೆರಳು ಕಣ್ಣಿಗೊತ್ತಿಕೊಂಡ. ಮೀರಾಹುಸೇನ ನೋಡಿದ, ನೋಡಿಯೂ ನೋಡಲಿಲ್ಲ. ಆ ಗ್ಯಾರೇಜಿಗೆ ನಿಂಬೆಹಣ್ಣು ಕಟ್ಟಿದ ಲಾರಿಗಳು, ಚೌರಿ ಇಳಿಬಿಟ್ಟ ಲಾರಿಗಳು, ಹಸಿರು ಬಟ್ಟೆ ಸುತ್ತಿದ ಲಾರಿಗಳು ದಿನವೂ ಬರುತ್ತವೆ. ಯಾರ ದೇವರು ಅವರವರಿಗೆ.

ಊರು ದಾಟುವವರೆಗೆ ಎಸಿ ಸುಮಾರಾಗಿತ್ತು. ಬಯಲು ಬಿದ್ದ ಮೇಲೆ ಅದರ ಉಸಿರು ಬದಲಾಯಿತು. ಕಲ್ಲೂರು ಸಮೀಪಿಸುವಾಗ ಕಿಂಡಿಯಿಂದ ಬರುತ್ತಿದ್ದದ್ದು ರೊಟ್ಟಿ ಹಂಚಿನ ಗಾಳಿ. ಹೊರಗೆ ಭತ್ತ ಕೊಯ್ದ ಗದ್ದೆಗಳು ಬಿಸಿಲಲ್ಲಿ ನಡುಗುತ್ತಿದ್ದವು. ಮೀರಾಹುಸೇನ ಕಿಂಡಿಯ ಮುಂದೆ ಅಂಗೈ ಹಿಡಿದು, ತಿರುಗಿಸಿ, ಮತ್ತೆ ಹಿಡಿದ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಇರಬೇಕಾದದ್ದಕ್ಕಿಂತ ತುಸು ಮೇಲೇರಿದ್ದನ್ನೂ ಕಂಡ.

ಅಷ್ಟರಲ್ಲಿ ಫೋನು ಬಂತು. ಖಾಜಾ ಸಾಹೇಬ.

"ಹೆಂಗದ ಸಿದ್ರಾಮ, ಥಂಡ್ ಬರಾಕತ್ತದೇನು?"

ಸಿದ್ರಾಮನ ಕಿವಿಯ ಪಕ್ಕದಿಂದ ಬೆವರು ಗಲ್ಲಕ್ಕಿಳಿದು ಫೋನಿನ ಮೇಲೆ ತೊಟ್ಟಿಕ್ಕಿತು. "ಭಾಳ ಥಂಡ್ ಅದರೀ. ಟವಲ್ ಹೊದ್ಕೊಂಡೀನಿ."

ಸಿದ್ರಾಮ ಫೋನು ಇಟ್ಟ. ಕಲ್ಲೂರಿನ ಬೇವಿನ ಮರ ಬಂದಾಗ ಮೀರಾಹುಸೇನ, "ಬಾಜೂಕ ಹಾಕು, ಇಂಜಿನ್ ಆರಸಬ್ಯಾಡ" ಎಂದ.

ಇಳಿದು ಮುಚ್ಚಳ ಎತ್ತಿದ. ಗ್ಯಾಸಿನ ಪೈಪು ಮುಟ್ಟಿದ, ಬೆಲ್ಟು ನೋಡಿದ, ಫ್ಯಾನು ನೋಡಿದ. ಎಲ್ಲ ಸರಿ ಇತ್ತು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಸಿದ್ರಾಮ, "ಈಗ ತಂಪು ಬರಾಕತ್ತದಲೇ" ಎಂದ.

ಮೀರಾಹುಸೇನ ಮುಚ್ಚಳ ಇಳಿಸಿ ಕಾದ. "ಈಗ?"

"ಸುಮಾರದ... ಈಗ ಹೋತು. ಬಿಸಿ."

ಮತ್ತೆ ಎತ್ತಿದ. ಎತ್ತುವಾಗ ಮುಚ್ಚಳದ ಜೊತೆ ಕಂಬಳಿಯೂ ಮೇಲೆದ್ದು ಹೋಯಿತು. ಅದು ಮೇಲೆ ಹೋಗುವುದನ್ನು ಅವನ ಕಣ್ಣು ಹಿಂಬಾಲಿಸಿತು. ಅಲ್ಲೇ ನಿಂತುಬಿಟ್ಟ. ನಾಲ್ಕು ಮಡಿಕೆಯ ದಪ್ಪ ಕುರಿಯ ಉಣ್ಣೆ, ಗ್ರಿಲ್ಲಿನ ಒಂದು ಸಂದೂ ಬಿಡದಂತೆ ಮುಚ್ಚಿ ಕಟ್ಟಿದ್ದು. ಗ್ಯಾರೇಜಿನಲ್ಲಿ ಅವನು ಮೊದಲು ಮಾಡುತ್ತಿದ್ದ ಕೆಲಸವೇ ಮುಚ್ಚಳ ಎತ್ತುವುದು. ಎತ್ತಿದಾಗೆಲ್ಲ ರೋಗ ಮಾಯ.

ಮರದ ಬೊಡ್ಡೆಗೆ ಆತು ಕೂತು ಅವನು ನಗತೊಡಗಿದ. ಕಣ್ಣಲ್ಲಿ ನೀರು ಬಂತು.

"ಏನಾತ್ಲೇ?"

"ಲೇ ಕುರುಬಾ, ಒಳಗಿನ ಕಾವು ತಂದು ಹೊರಗ ಚೆಲ್ಲೂ ಯಂತ್ರ ಇದು. ಚೆಲ್ಲಾಕ ಅದಕ್ಕ ಎದುರುಗಾಳಿ ಬೇಕು. ನೀ ಅದರ ಮೂಗು ಬಾಯಿ ಕಟ್ಟಿ, ಓಡು ಓಡು ಅಂತ ಹೊಡಿಯಾಕತ್ತಿ. ನಾ ಮೂರು ಸಲ ಗ್ಯಾಸ್ ನೋಡಿದೆ, ಈ ಕಂಬಳಿ ನೋಡಲಿಲ್ಲ. ನಿನಗಿಂತ ದೊಡ್ಡ ಕ್ವಾಣ ನಾನು." ಎದ್ದು ಬಂದು ಕಂಬಳಿಯ ಗಂಟಿಗೆ ಕೈ ಹಾಕಿದ.

ಸಿದ್ರಾಮ ಅವನ ಮಣಿಕಟ್ಟು ಹಿಡಿದ.

"ಬ್ಯಾಡ."

"ಬಿಚ್ಚಿದ್ರ ಮುಗೀತಲ್ಲಪಾ."

"ಅವ್ವ ಕಟ್ಯಾಳ. ಬೀರದೇವರ ಭಂಡಾರ ಹಚ್ಚಿ ಕಟ್ಯಾಳ. ಕಟ್ಟಿದ ಕೈನ ಬಿಚ್ಚಬೇಕು. ನೀನೂ ಬಿಚ್ಚಂಗಿಲ್ಲ, ನಾನೂ ಬಿಚ್ಚಂಗಿಲ್ಲ."

ಗಂಟಿನ ಮೇಲೆ ಅರಿಸಿನದ ಹುಡಿ ಒಣಗಿ ಹಿಡಿದಿತ್ತು. ಮೀರಾಹುಸೇನ ನೋಡಿದ. ಅವನ ಮನೆಯಲ್ಲಿ ಅಜ್ಜಿ ರಂಜಾನಬಿ ಮೊಮ್ಮಕ್ಕಳ ತೋಳಿಗೆ ಕಟ್ಟಿದ ತಾಯತಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೈ ಹಿಂದೆ ತೆಗೆದ.

ಮಾನ್ವಿಯಲ್ಲಿ ಅಕ್ಕಿ ಚೀಲ ತುಂಬಿಸಿಕೊಂಡು ದೇವದುರ್ಗದ ದಾರಿ ಹಿಡಿದಾಗ ಸೂರ್ಯ ನೆತ್ತಿ ದಾಟಿದ್ದನಷ್ಟೆ. ಎಸಿ ಆರಿಸಿ ಕಿಟಕಿ ಇಳಿಸಿದರು. ಸಿದ್ರಾಮ ಒದ್ದೆ ಟವಲನ್ನು ತಲೆಗೆ ಸುತ್ತಿಕೊಂಡ. ಎರಡು ಹಾಡು ಮುಗಿಯುವುದರೊಳಗೆ ಅದು ಒಣಗಿ ಗರಿಗರಿ. ಮೀರಾಹುಸೇನ ಬಾಟಲಿ ಹಿಡಿದು ಆಗಾಗ ಅದರ ಮೇಲೆ ನೀರು ಸುರಿಯುತ್ತ, ಅವನು ಮಂಪರಿಗೆ ಜಾರದಂತೆ ಬಾಯಿಗೆ ಬಂದದ್ದು ಮಾತಾಡುತ್ತಿದ್ದ. ಸಿರವಾರದ ಆಚೆ ಅದೇ ಬಳ್ಳಾರಿ ಜಾಲಿಯ ಪೊದೆ ಬಂತು. ಸಿದ್ರಾಮನ ಬೆರಳುಗಳು ಸ್ಟೇರಿಂಗಿನ ಮೇಲೆ ಬೆಳ್ಳಗಾದವು.

"ಬಿಚ್ಚಲೇನು?" ಎಂದ ಮೀರಾಹುಸೇನ, ನಗೆಯಿಲ್ಲದೆ.

"ನೀರು ಹಾಕು."

ನೀರು ಹಾಕಿದ. ಪೊದೆ ಹಿಂದಾಯಿತು.

ದೇವದುರ್ಗದ ಅಂಚಿನ ಓಣಿಯಲ್ಲಿ, ಬಂಡೆಗಲ್ಲಿನ ನೆರಳಿಗೆ ಲಾರಿ ನಿಂತಾಗ ಆದೆಮ್ಮ ಹೊರಗೆ ಬಂದಳು. ಹಿಂದೆಯೇ ಸೊಸೆ ನೇತ್ರಾವತಿ ಎರಡು ಚೊಂಬು ಮಜ್ಜಿಗೆ ಹಿಡಿದು ಬಂದಳು. ಆದೆಮ್ಮ ಮಗನ ಮುಖದ ಕೆಂಪು ನೋಡಿದಳು. "ನಾ ಅಂದಿದ್ನಿಲ್ಲ, ಕುರ್ಚಿ ಹಿಡಿ ಅಂತ" ಎಂದಳು, ಅಷ್ಟೆ.

ಮಜ್ಜಿಗೆ ಕುಡಿದು ಸಿದ್ರಾಮ ಚೊಂಬು ಕೆಳಗಿಟ್ಟ. ಹೇಗೆ ಹೇಳುವುದೆಂದು ತಿಳಿಯದೆ ಕಾಲ್ಬೆರಳಿನಿಂದ ಮಣ್ಣು ಕೆದಕಿದ. ಕೊನೆಗೆ ಮೀರಾಹುಸೇನನೇ ಮಾತು ತೆಗೆದ.

"ಯವ್ವಾ, ಈ ಕಂಬಳಿ ಯಾಕ ಕಟ್ಟೀರಿ?"

"ಯಾಕಂದ್ರ? ಬಿಸಿಲು ತಾಗಬಾರದಂತ. ನಮ್ಮವರು ಅಡವ್ಯಾಗ ಕುರಿ ಕಾಯೂವಾಗ ಕಂಬಳಿ ಕೊಪ್ಪಿ ಹಾಕ್ಕೊಂತಿದ್ರು, ಎಂಥಾ ಬಿಸಿಲಿದ್ರೂ. ಒಳಗಿನ ತಂಪು ಒಳಗ ಇರತದ. ಇವರಪ್ಪನ ಕಂಬಳಿನ ಅದು. ಈ ಬ್ಯಾಸಗಿ ಹತ್ತಿದ ಕೂಡ್ಲೆ, ಮಗನ ಲಾರಿಗೊಂದು ಕೊಪ್ಪಿ ಇರಲಿ ಅಂತ ಕಟ್ಟಿದೆ. ತಪ್ಪೇನು?"

"ನಿಮ್ಮ ಲೆಕ್ಕ ಖರೇನ ಯವ್ವಾ. ಜಾಗಾ ಒಂದು ತಪ್ಪದ. ಕೊಪ್ಪಿ ತಲಿಗಿ ಹಾಕ್ತಾರ, ಮೂಗಿಗಿ ಹಾಕಂಗಿಲ್ಲ. ಇದು ಲಾರಿ ಉಸಿರಾಡೂ ಜಾಗಾ."

ಆದೆಮ್ಮ ಲಾರಿಯ ಮುಂದೆ ಹೋಗಿ ನಿಂತಳು. ಕಂಬಳಿಯ ಕೆಳಗೆ ಅಂಗೈ ತೂರಿಸಿದಳು. ಒಳಗೆ ಸಿಕ್ಕಿಬಿದ್ದಿದ್ದ ಕಾವು ಕೈಗೆ ತಾಗಿ, ಸರಕ್ಕನೆ ತೆಗೆದಳು. ಕೈಯನ್ನು ನೋಡಿಕೊಂಡಳು. ಮಗನನ್ನು ನೋಡಿದಳು.

"ಇಷ್ಟು ದಿನ ಇದನ್ನ ಕಟ್ಕೊಂಡು ಓಡಸಿದಿ?"

"ಗೊತ್ತಿರಲಿಲ್ಲ ಯವ್ವಾ."

"ಗೊತ್ತಾಗಿದ್ದು ಎಲ್ಲಿ?"

"ಕಲ್ಲೂರಾಗ."

"ಕಲ್ಲೂರಿನಿಂದ ಇಲ್ಲೀತನ ಬಿಚ್ಚಲಿಲ್ಲ?"

"ನೀ ಕಟ್ಟಿದ್ದಿ."

ಅವಳು ಗಂಟಿಗೆ ಕೈ ಹಾಕಿದಳು. ಗಂಟು ಬಿಗಿದು ಕಲ್ಲಾಗಿತ್ತು. ಉಗುರಿನಿಂದ ಕೆದಕಿದಳು, ಸೆರಗಿನಿಂದ ಹಿಡಿದು ಎಳೆದಳು, ಕೊನೆಗೆ ಬಾಗಿ ಹಲ್ಲು ಹಚ್ಚಿದಳು. ಅರಿಸಿನ ಅವಳ ತುಟಿಗೆ ಮೆತ್ತಿತು. ಸಹಾಯಕ್ಕೆ ಬಂದ ಸೊಸೆಯನ್ನು ಕಣ್ಣಲ್ಲೇ ತಡೆದಳು. ಗಂಟು ಬಿಟ್ಟಿತು. ಕಂಬಳಿಯನ್ನು ಎದೆಗೊತ್ತಿ ಹಿಡಿದು ಮೀರಾಹುಸೇನನಿಗೆ, "ತಲಿ ಎಲ್ಲದಪಾ ಇದಕ್ಕ?" ಎಂದಳು.

ಅವನು ಕ್ಯಾಬಿನ್ನಿನ ಮೇಲೆ ಹತ್ತಿದ. ಸುಡುವ ತಗಡಿನ ಮೇಲೆ ಕಂಬಳಿ ಬಿಚ್ಚಿ ಹಾಸಿ, ಹಗ್ಗ ಬಿಗಿದು, ಕೊನೆಯ ಗಂಟನ್ನು ಮಾತ್ರ ಹಾಕದೆ ಹಗ್ಗದ ತುದಿಯನ್ನು ಅವಳ ಕೈಗೆ ಇಳಿಬಿಟ್ಟ. ಅವಳು ಅದನ್ನು ಕನ್ನಡಿಯ ಕಂಬಿಗೆ ಸುತ್ತಿ ಗಂಟು ಹಾಕಿದಳು.

"ಹತ್ತು ಯವ್ವಾ, ಕುಂತು ನೋಡು" ಎಂದ ಸಿದ್ರಾಮ. ಆದೆಮ್ಮ ಈ ಲಾರಿಯನ್ನು ಎಂದೂ ಹತ್ತಿದವಳಲ್ಲ. ಸೊಸೆ ಹಿಂದಿನಿಂದ ದೂಡಿದಳು, ಮಗ ಮೇಲಿನಿಂದ ಎಳೆದ. ಓಣಿಯಿಂದ ಹೊರಬಿದ್ದು ದೊಡ್ಡ ರಸ್ತೆಗೆ ಬಂದರು. ಕಿಟಕಿ ಏರಿಸಿದರು. ಮೊದಲು ಬಿಸಿ ಗಾಳಿ ಬಂತು, ಆಮೇಲೆ ಬೆಚ್ಚಗಿನದು, ಆಮೇಲೆ ಬಾವಿಯ ಮೆಟ್ಟಿಲು ಇಳಿದಂತೆ ಒಂದೊಂದೇ ಪದರು ತಂಪು. ಇಂಜಿನ್ನಿನ ಮುಳ್ಳು ತನ್ನ ಜಾಗಕ್ಕೆ ಬಂದು ಕೂತಿತು. ನಡುವೆ ಕೂತ ಮೀರಾಹುಸೇನ ಕಣ್ಣು ಮುಚ್ಚಿ, ಕೆಲಸ ಮುಗಿಸಿದವನ ನಿಟ್ಟುಸಿರು ಬಿಟ್ಟ.

ಆದೆಮ್ಮ ಕಿಂಡಿಯತ್ತ ನೋಡುತ್ತಿರಲಿಲ್ಲ. ಮಗನ ಕೈ ಗೇರಿನ ಮೇಲೆ ಹೋಗುವುದನ್ನು, ಎದುರು ಬಂದ ಕುರಿ ಹಿಂಡಿಗಾಗಿ ಅವನು ದೂರದಿಂದಲೇ ವೇಗ ಇಳಿಸಿದ್ದನ್ನು, ಹಿಂಡು ದಾಟುವವರೆಗೆ ಹಾರ್ನ್ ಹೊಡೆಯದೆ ಕಾದದ್ದನ್ನು ನೋಡುತ್ತಿದ್ದಳು. ಅವಳ ತುಟಿಯ ಮೇಲೆ ಇನ್ನೂ ಅರಿಸಿನ ಇತ್ತು. ಬೆರಳ ತುದಿ ಗಂಟು ಕೆದಕಿ ಕೆಂಪಾಗಿತ್ತು.

ಸಿದ್ರಾಮ ಆ ಬೆರಳುಗಳನ್ನು ಕಂಡ. ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದದ್ದೇನೋ ಅವನೊಳಗೆ ಸಡಿಲಾಯಿತು. ಹಿಂಡು ದಾಟಿ ರಸ್ತೆ ಬರಿದಾಗಿದ್ದರೂ ಅವನು ಲಾರಿ ಮುಂದೆ ಬಿಡಲಿಲ್ಲ.

"ಯವ್ವಾ," ಎಂದ, ಗಾಜಿನತ್ತಲೇ ನೋಡುತ್ತ, "ನಿನ್ನ ಜೀವಕ್ಕ ಇಷ್ಟು ತ್ರಾಸ ಆಗೂದಿದ್ರ ನಾ ಇಳೀತೀನಿ. ಸೋಮವಾರದಿಂದ ಗೇಟಿನ ಕುರ್ಚಿ ಹಿಡೀತೀನಿ. ಈಗ ಫೋನ್ ಮಾಡ್ಲೇನು?"

ಮೀರಾಹುಸೇನ ಕಣ್ಣು ತೆರೆದ.

ಆದೆಮ್ಮ ಸೆರಗಿನಿಂದ ತುಟಿ ಒರೆಸಿಕೊಂಡಳು.

"ಒಲ್ಲೆ" ಎಂದಳು. "ನಿಮ್ಮಪ್ಪಗ ಕೊಡಿಸಿದ್ದೊಂದ ಸಾಕು. ಆ ಕುರ್ಚಿ ನಾ ಒಲ್ಲೆ. ಗಾಡಿ ಬಿಡು."